ಕನ್ನಡದ ಬೀಗ

“ನಾಕು… ಏಳು… ಸೊನ್ನಿ… ಒಂದು…”

ಮಲ್ಲಮ್ಮನವರು ಒಂದು ಕೈಯಲ್ಲಿ ಕ್ರೆಡಿಟ್ ಕಾರ್ಡು, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಮಗ್ಗಿ ಒಪ್ಪಿಸುವ ಹಾಗೆ ಅಂಕಿಗಳನ್ನು ಓದುತ್ತಿದ್ದರು. ನನ್ನ ಕೈಯಲ್ಲಿದ್ದ ಚಹಾದ ಲೋಟ ಬಾಯಿಯವರೆಗೆ ಹೋಗಲೇ ಇಲ್ಲ.

“ಆಂಟಿ, ಒಂದ್ನಿಮಿಷ ನಿಲ್ಸಿ. ಏನಿದು?”

“ನೀವ ಕೇಳಿದ್ರಲ್ಲವಾ, ರೊಟ್ಟಿ ಆರ್ಡರ್ ಹೆಂಗ ಮಾಡ್ತೀರಿ ತೋರಸ್ರಿ ಅಂತ. ಹಿಂಗ ಮಾಡ್ತೀನಿ ನೋಡ್ರಿ.”

ಅವರು ಹೆಬ್ಬೆರಳು ಎತ್ತಿದ್ದರೆ ಆ ವಾಯ್ಸ್ ಮೆಸೇಜು ಹೊರಟುಹೋಗುತ್ತಿತ್ತು. ನಾನು ಅವರ ಹೆಬ್ಬೆರಳನ್ನು ಪಕ್ಕಕ್ಕೆ ಜಾರಿಸಿ ಮೆಸೇಜನ್ನು ರದ್ದು ಮಾಡಿ ಫೋನು ಕಸಿದುಕೊಂಡೆ. ಹಿರಿಯರ ಕೈಯಿಂದ ಕಸಿಯುವುದು ನಮ್ಮ ಮೈಸೂರಿನ ಮಂಡಿ ಮೊಹಲ್ಲಾದಲ್ಲೂ ಮರ್ಯಾದೆಯಲ್ಲ. ಆದರೆ ಆ ಹೊತ್ತಿನಲ್ಲಿ ಮರ್ಯಾದೆ ಯಾರಿಗೆ ನೆನಪಿರುತ್ತದೆ?

“ವೆಬ್‌ಸೈಟ್‌ನಲ್ಲಿ ಆರ್ಡರ್ ಮಾಡಲ್ವಾ ಆಂಟಿ?”

“ಅದರಾಗ ಯಾರು ಮಾಡ್ತಾರ? ಪಾಸ್‌ವರ್ಡ್ ಹಾಕು ಅಂತೈತಿ. ಹಾಕಿದ್ರ ಫೋನಿಗೆ ಕೋಡ್ ಕಳಸೀನಿ ಅಂತೈತಿ. ಆ ಕೋಡ್ ಹುಡುಕೂದ್ರಾಗ ಟೈಮ್ ಆತು, ಮೊದಲಿಂದ ಬಾ ಅಂತೈತಿ. ಅಷ್ಟೂ ಮುಗಿಸಿದ್ರ ಫೋಟೋ ತೋರ್ಸಿ, ಟ್ರಾಫಿಕ್ ಲೈಟ್ ಎಲ್ಲೆಲ್ಲಿ ಅದಾವ ಆರಸು ಅಂತೈತಿ. ನಾ ರೊಟ್ಟಿ ಕೇಳಾಕ ಹೋದಾಕಿ. ನನಗ್ಯಾಕ ಬೇಕು ಟ್ರಾಫಿಕ್ ಲೈಟ್?”

ಸಿಂಕಿನ ಬಳಿ ಪಾತ್ರೆ ಒರೆಸುತ್ತಿದ್ದ ಅವರ ಅಳಿಯ ಅಣ್ಣಾಸಾಹೇಬ ನಕ್ಕುಬಿಟ್ಟರು. “ಅತ್ತೀ, ಮೇಡಂಗೆ ಅಷ್ಟೂ ಕಥಿ ಹೇಳಬ್ಯಾಡ್ರಿ. ಫ್ಲೈಟ್ ಮಿಸ್ ಆಗ್ತದ.”

ಕಾರ್ಡ್ ಕಳವಿನ ತನಿಖೆ ನನ್ನ ಕೆಲಸ. ಕಳೆದ ವಾರ ರಾಲಿಯಲ್ಲಿ ಪ್ರಶಾಂತನ ಕಂಪ್ಯೂಟರನ್ನು ಇಡೀ ಜಾಲಾಡಿ, ಬರಿಗೈಯಲ್ಲಿ ಎದ್ದುಬಂದಿದ್ದೆ. ಆ ಬರಿಗೈಯನ್ನೇ ತೆಗೆದುಕೊಂಡು ಅಮೆರಿಕದ ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯ ಈ ಅಡುಗೆಮನೆಗೆ ಬಂದಿದ್ದೆ. ಪ್ರಶಾಂತ ‘ಜೋಳಿಗೆ’ಯ ವೆಬ್‌ಸೈಟ್ ಬರೆದವನು. ‘ಜೋಳಿಗೆ’ ಅಂದರೆ ಜಾರ್ಜಿಯಾದ ಸುವಾನಿಯಲ್ಲಿ ಸ್ಮಿತಾ ನಡೆಸುವ ಆನ್‌ಲೈನ್ ಅಂಗಡಿ. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಯಂಥ ಚಟ್ನಿಪುಡಿಗಳನ್ನು ಜಾರ್ಜಿಯಾದಿಂದ ಮೇರಿಲ್ಯಾಂಡಿನವರೆಗೆ ಕನ್ನಡದ ಮನೆಗಳಿಗೆ ತಲುಪಿಸುತ್ತದೆ.

ಆ ಮನೆಗಳ ಕಾರ್ಡುಗಳಲ್ಲಿ ಯಾರೋ ಗಿಫ್ಟ್ ಕಾರ್ಡು ಕೊಳ್ಳುತ್ತಿದ್ದರು. ಬ್ಯಾಂಕುಗಳು ಬೆರಳು ತೋರಿಸಿದ್ದು ಜೋಳಿಗೆಯ ಕಡೆಗೆ. ಜೋಳಿಗೆಯ ಗಿರಾಕಿಗಳು ಬೆರಳು ತೋರಿಸಿದ್ದು ಪ್ರಶಾಂತನ ಕಡೆಗೆ. ರಾಲಿಯ ಕನ್ನಡ ಕಾರ್ಯಕ್ರಮಗಳಲ್ಲಿ ಅವನ ಹೆಂಡತಿಯ ಪಕ್ಕದ ಕುರ್ಚಿ ಈಗ ಖಾಲಿ ಇರುತ್ತದೆ. ಅವನ ಕೋಡಿನಲ್ಲಿ ಮಾತ್ರ ಒಂದು ಹುಳುಕೂ ಇರಲಿಲ್ಲ. ವೆಬ್‌ಸೈಟು ಯಾರ ಕಾರ್ಡ್ ನಂಬರನ್ನೂ ಇಟ್ಟುಕೊಳ್ಳುತ್ತಲೇ ಇರಲಿಲ್ಲ.

ಇಲ್ಲದ ನಂಬರನ್ನು ಕದಿಯುವುದು ಹೇಗೆ? ಅದೇ ಪ್ರಶ್ನೆ ತಲೆ ತಿನ್ನುತ್ತಿತ್ತು. ಆಮೇಲೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಕಾರ್ಡು ಕಳಕೊಂಡವರೆಲ್ಲ ಅತ್ತೆ-ಮಾವಂದಿರ ವಯಸ್ಸಿನವರು. ಸೊಸೆಯರ ಕಾರ್ಡಿಗೆ ಕಳ್ಳ ಕೈಯನ್ನೇ ಹಾಕಿರಲಿಲ್ಲ. ಸೊಸೆಯರು ಮಾಡದ ಏನನ್ನು ಅತ್ತೆಯರು ಮಾಡುತ್ತಿದ್ದಾರೆ ಎಂದು ನೋಡಲು ಬಂದಿದ್ದೆ, ನೋಡಿದೆ.

“ಕಾರ್ಡ್ ನಂಬರ್ ಹೀಗೆ ಬಾಯ್ಬಿಟ್ಟು ಹೇಳೋದು ಡೇಂಜರ್ ಅಲ್ವಾ ಆಂಟಿ?”

ಮಲ್ಲಮ್ಮನವರು ನನ್ನನ್ನು ಕನಿಕರದಿಂದ ನೋಡಿದರು. “ನಾ ಏನು ಇಂಗ್ಲಿಷ್‌ನಾಗ ಹೇಳೀನೇನು? ಕನ್ನಡದಾಗ ಹೇಳೀನಿ. ಕದಿಯಾವಗ ತಿಳೀಬೇಕಲ್ಲ? ಸ್ಮಿತಾನೂ ಅದನ್ನ ಹೇಳ್ಯಾಳ. ಕನ್ನಡದಾಗ ಹೇಳ್ರಿ ಆಂಟಿ, ಅದ ನಮ್ಮ ಬೀಗ ಅಂತ.”

ಅವರ ಫೋನಿನಲ್ಲಿ ಜೋಳಿಗೆಯ ಮೆಸೇಜುಗಳನ್ನು ಮೇಲಕ್ಕೆ ಸರಿಸುತ್ತ ಹೋದೆ. ಮೊದಲ ಆರ್ಡರಿನ ವಾಯ್ಸ್ ಮೆಸೇಜು ಅಲ್ಲೇ ಇತ್ತು. ಪೂರ್ತಿ ನಂಬರು, ಅವಧಿ ಮುಗಿಯುವ ತಿಂಗಳು, ಕಾರ್ಡಿನ ಹಿಂದಿನ ಮೂರು ಅಂಕಿ, ಎಲ್ಲವೂ ಅಚ್ಚ ಬಾಗಲಕೋಟೆಯ ಕನ್ನಡದಲ್ಲಿ. ಅದರ ಕೆಳಗೆ ಅಂಗಡಿಯ ಉತ್ತರ: “ಥ್ಯಾಂಕ್ಸ್ ಆಂಟಿ. ಇದಕ್ಕೆ ಸ್ಟಾರ್ ಹಾಕಿ ಇಟ್ಕೊಂಡಿದೀನಿ. ಇನ್ಮೇಲೆ ನಂಬರ್ ಹೇಳೋದು ಬೇಡ, ರೊಟ್ಟಿ ಕಳಿಸು ಅಂದ್ರೆ ಸಾಕು.”

ಅಲ್ಲಿಂದ ಕೆಳಗೆ ಬರೀ ‘ರೊಟ್ಟಿ ಕಳಸು’, ‘ಹಿಂಡಿ ಕಳಸು’. ಕಾರ್ಡು ಬದಲಾದಾಗಷ್ಟೇ ಮತ್ತೆ ನಂಬರು. ಅವರ ಹಳೆಯ ಕಾರ್ಡು ಕಳ್ಳನ ಪಾಲಾಗಿ, ಈಗ ಹೊಸದು ಬಂದಿತ್ತು.

ಇಷ್ಟು ದಿನ ನಾವೆಲ್ಲ ಕಿಟಕಿ ಒಡೆದಿದ್ದೆಲ್ಲಿ ಎಂದು ಹುಡುಕುತ್ತಿದ್ದೆವು, ಬಾಗಿಲೇ ತೆರೆದಿತ್ತು. ಕಳ್ಳನಿಗೆ ಬೇಕಾಗಿದ್ದುದು ಎರಡೇ: ಅಂಗಡಿಯ ವಾಟ್ಸ್ಯಾಪಿನೊಳಗೆ ಇಣುಕಲು ಒಂದು ದಾರಿ, ಮತ್ತು ಕನ್ನಡ.

ಅಂದರೆ ಕಳ್ಳ ನಮ್ಮವನೇ.

* * *

ಏರ್‌ಪೋರ್ಟಿಗೆ ಬಿಡಲು ಅಣ್ಣಾಸಾಹೇಬರೇ ಹೊರಟರು. ಅವರ ಹೆಂಡತಿ ಸಿದ್ದೇಶ್ವರಿ ಡಾಕ್ಟರು, ಆಗಲೇ ಆಸ್ಪತ್ರೆಗೆ ಹೋಗಿದ್ದರು. ಇವರು ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರಿನವರು, ಅಥಣಿಯ ಕಡೆಯವರು, ಸ್ಮಿತಾಳ ಗಂಡ ಸಿದ್ಧಲಿಂಗೇಶನ ಜೊತೆ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದವರು. ಮೃದು ಮಾತು. ಸೀಟು ಬಿಸಿ ಮಾಡಲೇ ಎಂದು ಎರಡು ಸಲ ಕೇಳಿದರು.

ನನಗೆ ಸೀಟಿನ ಚಿಂತೆ ಎಲ್ಲಿ? ಕಾರು ಹತ್ತಿದವಳೇ ರಾಲಿಯ ಅಲಮೇಲು ಆಂಟಿಗೆ ಫೋನ್ ಹಚ್ಚಿದೆ. ಕಾರ್ಡು ಕಳಕೊಂಡವರಲ್ಲಿ ಅವರೂ ಒಬ್ಬರು.

“ಆಂಟಿ, ಜೋಳಿಗೆಗೆ ನೀವು ಆರ್ಡರ್ ಮಾಡೋದು ಹೇಗೆ?”

“ವಾಯ್ಸ್ ಮೆಸೇಜ್ ಅಮ್ಮಾ. ಕನ್ನಡದಲ್ಲೇ ಹೇಳ್ತೀನಿ, ಸೇಫ್ ಆಗಿ.”

ಫೋನಿಟ್ಟು ನಾನು ಡ್ಯಾಶ್‌ಬೋರ್ಡಿಗೆ ಒಂದು ಗುದ್ದು ಕೊಟ್ಟೆ. ಅಣ್ಣಾಸಾಹೇಬರು ಬೆಚ್ಚಿ ನನ್ನ ಕಡೆ ನೋಡಿದರು.

“ಸಿಕ್ತಾ ಮೇಡಂ?”

“ದಾರಿ ಸಿಕ್ತು. ಮನುಷ್ಯ ಸಿಗ್ಬೇಕು. ಸ್ಮಿತಾ ಆ ವಾಯ್ಸ್‌ಗಳನ್ನೆಲ್ಲ ಸ್ಟಾರ್ ಹಾಕಿ ಇಟ್ಕೊಂಡಿದಾಳೆ. ಅದನ್ನ ನೋಡಿದವನೇ ಕಳ್ಳ.”

“ಹಾಗಾದ್ರೆ ಪ್ರಶಾಂತ್ ಅಲ್ಲ?”

“ಖಂಡಿತ ಅಲ್ಲ.”

ಮುಂದೆ ಟ್ರಕ್ಕೊಂದು ಲೇನ್ ಬದಲಿಸಿತು, ಅಣ್ಣಾಸಾಹೇಬರು ನಿಧಾನಿಸಿ ದಾರಿ ಬಿಟ್ಟರು. “ಸ್ಮಿತಾ ಅಂಗಡಿಗೆ ಏನೂ ತೊಂದ್ರೆ ಆಗಲ್ಲ ತಾನೇ? ಪಾಪ, ಭಾಳ ಕಷ್ಟಪಟ್ಟು ಕಟ್ಯಾಳ.”

ಉತ್ಸಾಹ ಬಂದಾಗ ನನಗೆ ಬಾಯಿ ನಿಲ್ಲುವುದಿಲ್ಲ. ಎಲ್ಲ ಹೇಳಿದೆ. ಜೋಳಿಗೆಗೆ ಕಾರ್ಡ್ ವಹಿವಾಟು ನಡೆಸಿಕೊಡುವುದು ಓಕ್‌ಬ್ರಿಜ್ ಎಂಬ ಕಂಪನಿ. ನನ್ನನ್ನು ತನಿಖೆಗೆ ಕಳಿಸಿದ್ದೂ ಅವರೇ. ಈ ದಿನ ಸಂಜೆ ಐದಕ್ಕೆ ನನ್ನ ವರದಿ ಅವರ ಕೈ ಸೇರಬೇಕು.

“ಹೊರಗಿನ ಕಳ್ಳ ವೆಬ್‌ಸೈಟ್‌ಗೆ ನುಗ್ಗಿದ್ದ ಅಂತಾದ್ರೆ ಅಂಗಡಿಯೂ ಮೋಸ ಹೋದವರ ಲೆಕ್ಕಕ್ಕೆ ಬರುತ್ತೆ. ಅಂಗಡಿ ಉಳಿಯುತ್ತೆ. ಅಂಗಡಿಯವರೇ ಕಾರ್ಡ್ ನಂಬರ್ ಇಟ್ಕೊಂಡಿದ್ರು ಅಂತಾದ್ರೆ, ಅದೂ ಹಿಂದಿನ ಮೂರು ಅಂಕಿ ಸಮೇತ, ಅವತ್ತೇ ಕನೆಕ್ಷನ್ ಕಟ್. ಬ್ಲ್ಯಾಕ್‌ಲಿಸ್ಟಿಗೆ ಹಾಕ್ತಾರೆ. ಆಮೇಲೆ ಈ ದೇಶದಲ್ಲಿ ಯಾವ ಕಂಪನೀನೂ ಅವಳಿಗೆ ಕಾರ್ಡ್ ತಗೊಳೋಕೆ ಬಿಡಲ್ಲ.”

“ಅಂದ್ರೆ ಅಂಗಡಿ ಮುಚ್ಚಿದ ಹಂಗ.”

“ಮುಚ್ಚಿದ ಹಾಗೆ.”

“ಛೇ,” ಅಂದರು ಅಣ್ಣಾಸಾಹೇಬರು. “ಡಿಸೆಂಬರ್‌ನಾಗ ನಾವು ಅವರ ಮನೆಗೆ ಹೋಗಿದ್ವಿ. ನಾನೂ ಅಂಗಡ್ಯಾಗ ಕೂತು ರೊಟ್ಟಿ ಪ್ಯಾಕ್ ಮಾಡೀನಿ. ಒಂದೂ ಮುರೀಬಾರದು, ಅಷ್ಟು ಜ್ವಾಕಿ ಮಾಡ್ತಾಳ ಆಕಿ.”

ಇಳಿಯುವಾಗ ನನ್ನ ಬ್ಯಾಗನ್ನು ತಾವೇ ಎತ್ತಿಕೊಟ್ಟರು. ಒಳ್ಳೆಯ ಮನುಷ್ಯ ಎಂದುಕೊಂಡೆ.

* * *

ಸುವಾನಿಯಲ್ಲಿ ಸ್ಮಿತಾಳ ಅಂಗಡಿ ಇರುವುದು ಟೈರ್ ಅಂಗಡಿಯೊಂದರ ಹಿಂದಿನ ಸಾಲಿನಲ್ಲಿ. ಬಾಗಿಲು ತೆರೆದರೆ ಹುರಿದ ಶೇಂಗಾದ ಘಮ ಮುಖಕ್ಕೆ ಹೊಡೆಯುತ್ತದೆ. ಊಟವಿಲ್ಲದೆ ಬಂದಿದ್ದ ನನಗೆ ಅದೊಂದು ಶಿಕ್ಷೆ.

ಅಟ್ಲಾಂಟಾದಲ್ಲಿ ವಿಮಾನ ಇಳಿದ ಕೂಡಲೇ ಫೋನ್ ಮಾಡಿ ಗಂಡ ಹೆಂಡತಿ ಇಬ್ಬರೂ ಇರಬೇಕೆಂದು ಹೇಳಿದ್ದೆ. ಸಿದ್ಧಲಿಂಗೇಶ್ ಆಫೀಸಿನ ಬ್ಯಾಡ್ಜು ಕುತ್ತಿಗೆಯಲ್ಲಿರುವಾಗಲೇ ಓಡಿಬಂದಿದ್ದರು. ಅಟ್ಲಾಂಟಾದ ದೊಡ್ಡ ಕಂಪನಿಯೊಂದರಲ್ಲಿ ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುವವರು. ಜೋಳಿಗೆಯ ವೆಬ್‌ಸೈಟಿಗೆ ಪಾಸ್‌ವರ್ಡು, ಕೋಡು, ಟ್ರಾಫಿಕ್ ಲೈಟು ಎಲ್ಲ ಹಾಕಿಸಿದ ಪುಣ್ಯಾತ್ಮ ಇವರೇ.

ಸ್ಮಿತಾ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದಳು. “ಸಾಲೆಹಾ, ಏನಾಯ್ತು? ಫೋನಲ್ಲಿ ಯಾಕೆ ಹೇಳ್ಲಿಲ್ಲ?”

“ಅಂಗಡಿ ಫೋನ್ ಕೊಡಿ ಸ್ಮಿತಾ. ವಾಟ್ಸ್ಯಾಪ್‌ನಲ್ಲಿ ಸ್ಟಾರ್ ಹಾಕಿರೋ ಮೆಸೇಜ್ ಓಪನ್ ಮಾಡಿ.”

ಅವಳ ಕೈ ಏಪ್ರನ್ನಿನಲ್ಲೇ ನಿಂತಿತು. ಸುಳ್ಳು ಹೇಳಬಹುದೇನೋ ಎಂದು ಕಾದೆ. ಹೇಳಲಿಲ್ಲ. ಫೋನು ತೆಗೆದು, ತಾನೇ ತೆರೆದು, ಪ್ಯಾಕಿಂಗ್ ಟೇಬಲ್ಲಿನ ಮೇಲೆ ರೊಟ್ಟಿಯ ಕಟ್ಟುಗಳ ನಡುವೆ ಇಟ್ಟಳು.

ಸಾಲುಸಾಲಾಗಿ ದನಿಗಳು. ಒಂದನ್ನು ಒತ್ತಿದೆ. ಹಿಂದೆ ಕುಕ್ಕರಿನ ಸೀಟಿ, ಮುಂದೆ ಅಜ್ಜಿಯೊಬ್ಬರು ‘ಎಂಟು, ಎಂಟು, ಮೂರು’ ಎನ್ನುತ್ತಿದ್ದರು. ಇನ್ನೊಂದರಲ್ಲಿ ಅಂಕಲ್ ಒಬ್ಬರು ಕೆಮ್ಮಿ, ಸಾರಿ ಕೇಳಿ, ಹಿಂದಿನ ಮೂರು ಅಂಕಿಯನ್ನು ಎರಡೆರಡು ಸಲ ಹೇಳಿದರು, ತಪ್ಪಾಗಬಾರದು ಅಂತ. ಮತ್ತೊಂದು ಅಲಮೇಲು ಆಂಟಿಯದು.

ಸಿದ್ಧಲಿಂಗೇಶ್ ಕುರ್ಚಿಯಿಂದ ಎದ್ದರು. “ಇದೇನು ಸ್ಮಿತಾ?”

“ನಮ್ಮ ಸೇವ್ಡ್ ಕಾರ್ಡು. ಆಂಟಿ ಮೆಸೇಜ್ ಮಾಡಿ ರೊಟ್ಟಿ ಕಳಿಸು ಅಂತಾರೆ. ನಾನು ಇದನ್ನ ಪ್ಲೇ ಮಾಡಿ ಕೇಳ್ಕೊಂಡು ನಂಬರ್ ಹೊಡೀತೀನಿ.”

“ನಾನು ವೆಬ್‌ಸೈಟ್‌ನಲ್ಲಿ ಒಂದು ನಂಬರೂ ಉಳೀಬಾರ್ದು ಅಂತ ಪ್ರಶಾಂತ್ ತಲೆ ತಿಂದು ತಿಂದು ಮಾಡಿಸಿದೀನಿ. ನೀನು ಹಿಂದಿನ ಬಾಗಿಲು ತೆಗೆದಿಟ್ಟು ಕೂತಿದೀಯ.”

“ಹೌದು, ತೆಗೆದೆ. ಮುಂದಿನ ಬಾಗಿಲಲ್ಲಿ ಒಬ್ರೂ ಒಳಗೆ ಬರೋಕಾಗ್ತಿರ್ಲಿಲ್ಲ.”

“ಸೆಕ್ಯೂರಿಟಿ ಅಂದ್ರೆ ಸ್ವಲ್ಪ ಕಷ್ಟ ಇದ್ದೇ ಇರುತ್ತೆ.”

“ಯಾರಿಗೆ ಕಷ್ಟ? ನಿಮಗಾ?” ಸ್ಮಿತಾಳ ದನಿ ಏರಲಿಲ್ಲ, ಮಾತು ಊರಿನ ಕನ್ನಡಕ್ಕೆ ಹೊರಳಿತು. “ಮಂದಿ ಕಾರ್ಟ್ ತುಂಬಸ್ತಿದ್ರು, ನಿಮ್ಮ ಕೋಡ್ ಬರೂದ್ರಾಗ ಬ್ಯಾಸತ್ತು ಬಿಟ್ಟು ಹೋಗ್ತಿದ್ರು. ನಾ ಬಡಿದ ರೊಟ್ಟಿ ಇಲ್ಲೇ ಪುಡಿ ಆಗ್ತಿತ್ತು. ಅದನ್ನ ನೀವು ನೋಡಿಲ್ಲ, ನಾ ನೋಡೀನಿ. ಕೊಳ್ಳಾಕ ಬಂದವರನ್ನ ಕಳ್ಳರಂಗ ತಡವಿ ನೋಡಿದ್ರ ಯಾರು ಬರ್ತಾರ್ರಿ?”

“ನನ್ನ ಒಂದು ಮಾತು ಕೇಳ್ಬೇಕಿತ್ತು.”

“ಕೇಳಿದ್ರೆ ಏನಂತಿದ್ರಿ?”

“ಬೇಡ ಅಂತಿದ್ದೆ.”

“ಅದಕ್ಕೇ ಕೇಳ್ಲಿಲ್ಲ.”

ನಾನು ನಡುವೆ ನಿಂತು ಇಬ್ಬರನ್ನೂ ನೋಡಿದೆ. ಇಬ್ಬರ ಮಾತೂ ಸರಿ, ಅದೇ ನನಗೆ ಸಿಟ್ಟು ತರಿಸಿದ್ದು. ಅವರು ಹಾಕಿದ ಬೀಗ ಕಳ್ಳನನ್ನು ತಡೆಯಿತು, ಗಿರಾಕಿಯನ್ನೂ ತಡೆಯಿತು. ಇವಳು ಗಿರಾಕಿಗೆ ತೆರೆದಳು, ಕಳ್ಳನೂ ಬಂದ. ಒಂದೇ ಮನೆಯಲ್ಲಿ, ಒಂದೇ ಟೇಬಲ್ಲಿನಲ್ಲಿ ಊಟ ಮಾಡುವ ಇಬ್ಬರು ಒಂದು ಸಂಜೆ ಕೂತು ಮಾತಾಡಿದ್ದರೆ ಮುಗಿಯುತ್ತಿತ್ತು.

“ಕನ್ನಡ ಬೀಗ ಆಗುತ್ತೆ ಅಂತ ನಿಜವಾಗ್ಲೂ ಅಂದ್ಕೊಂಡಿದ್ರಾ ಸ್ಮಿತಾ?” ಎಂದು ಕೇಳಿದೆ.

“ಅಂದ್ಕೊಂಡಿದ್ದೆ. ಹ್ಯಾಕರ್ ಅಂದ್ರೆ ಎಲ್ಲೋ ರಷ್ಯಾದಲ್ಲಿ, ಚೀನಾದಲ್ಲಿ ಕೂತಿರ್ತಾನೆ ಅಂತಾರಲ್ಲ ಎಲ್ಲರೂ. ನಮ್ಮವರು ಕದೀತಾರೆ ಅಂತ ನನಗೆ ಹೊಳೀಲೇ ಇಲ್ಲ.” ಅವಳ ಕಣ್ಣು ತುಂಬಿತು. ಇಷ್ಟು ಹೊತ್ತು ಗಂಡನ ಎದುರು ಗಟ್ಟಿಯಾಗಿ ನಿಂತವಳು ಈ ಮಾತಿಗೆ ಕುಸಿದಳು.

“ಈ ವಾಟ್ಸ್ಯಾಪ್ ಇನ್ನೆಲ್ಲಿ ಓಪನ್ ಆಗುತ್ತೆ?”

“ಅಲ್ಲಿ ಕಂಪ್ಯೂಟರ್‌ನಲ್ಲಿ. ನನ್ನ ಟ್ಯಾಬ್ಲೆಟ್‌ನಲ್ಲಿ. ಅಷ್ಟೇ.”

ಸೆಟ್ಟಿಂಗ್ಸಿಗೆ ಹೋಗಿ ನೋಡಿದೆ. ಫೋನಿಗೆ ಜೋಡಿಸಿದ ಯಂತ್ರಗಳು ಎರಡಲ್ಲ, ಮೂರಿದ್ದವು. ಕಂಪ್ಯೂಟರ್ ಎದುರಿಗೇ ಇತ್ತು, ಪರದೆ ಕಪ್ಪಾಗಿತ್ತು. ಟ್ಯಾಬ್ಲೆಟ್ ಸ್ಮಿ‌ತಾಳ ಚೀಲದಲ್ಲಿತ್ತು. ಮೂರನೆಯದು ಯಾವುದೋ ಲ್ಯಾಪ್‌ಟಾಪು. ಅದರ ಹೆಸರಿನ ಕೆಳಗೆ ಹಸಿರು ಅಕ್ಷರದಲ್ಲಿ ‘ಆಕ್ಟಿವ್’ ಎಂದಿತ್ತು.

“ಈಗ್ಲೂ ಒಳಗಿದಾನೆ,” ಅಂದೆ.

ಸ್ಟಾರ್ ಹಾಕಿದ ಮೆಸೇಜುಗಳಿಗೆ ಮರಳಿದೆ. ಮೂವರೂ ಫೋನಿನ ಮೇಲೆ ಬಾಗಿದೆವು. ಮೊದಲು ನನಗೆ ತಿಳಿಯಲಿಲ್ಲ. ಅಲಮೇಲು ಆಂಟಿಯ ದನಿ ಈಗಷ್ಟೇ ಕೇಳಿದ್ದು, ಅದು ಪಟ್ಟಿಯಲ್ಲಿ ಇರಲಿಲ್ಲ. ಕಣ್ಣೆದುರೇ ಕೆಮ್ಮಿದ ಅಂಕಲ್ ಹೋದರು. ಕುಕ್ಕರಿನ ಸೀಟಿ ಹೋಯಿತು. ಕೆಳಗಿನ ಸಾಲು ಮೇಲಕ್ಕೆ ಸರಿಯಿತು, ಅದೂ ಹೋಯಿತು.

ಯಾರೂ ಫೋನು ಮುಟ್ಟಿರಲಿಲ್ಲ.

“ಡಿಲೀಟ್ ಮಾಡ್ತಿದಾನೆ,” ಸಿದ್ಧಲಿಂಗೇಶ್ ಕೈ ಚಾಚಿದರು. “ಲಾಗೌಟ್ ಮಾಡಿ ಅವನನ್ನ. ಫೋನ್ ಕೊಡಿ ಇಲ್ಲಿ.”

ಅವರ ಬೆರಳು ಫೋನು ತಲುಪುವ ಮೊದಲು ಸ್ಮಿತಾ ಅವರ ಮಣಿಕಟ್ಟು ಹಿಡಿದಳು.

“ಬಿಡ್ರಿ.”

“ಸ್ಮಿತಾ, ಎವಿಡೆನ್ಸ್ ಹೋಗ್ತಿದೆ.”

“ಹೋಗ್ಲಿ ಬಿಡ್ರಿ.”

ನನಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. ಆ ದನಿಗಳು ಕಳ್ಳನಿಗೆ ಎಷ್ಟು ವಿರುದ್ಧವೋ ಸ್ಮಿತಾಳಿಗೂ ಅಷ್ಟೇ ವಿರುದ್ಧ. ಅವು ಅಳಿದರೆ ಅಂಗಡಿ ಎಂದೂ ಒಂದು ನಂಬರನ್ನೂ ಇಟ್ಟುಕೊಂಡಿರಲಿಲ್ಲ ಎಂದಾಗುತ್ತಿತ್ತು. ಸಂಜೆ ಐದಕ್ಕೆ ನಾನು ಬರೆಯಬೇಕಾದ ವರದಿ ಅಲ್ಲಿ, ಆ ಫೋನಿನ ಮೇಲೆ, ತಾನೇ ತಿದ್ದಿಕೊಳ್ಳುತ್ತಿತ್ತು.

ನಾನು ಅವಳ ಕೈ ಬಿಡಿಸಿ ಆ ಲ್ಯಾಪ್‌ಟಾಪನ್ನು ಹೊರಗೆ ಹಾಕುವಷ್ಟರಲ್ಲಿ ಪಟ್ಟಿ ಖಾಲಿಯಾಗಿತ್ತು.

ಪಕ್ಕದ ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಬುಸುಗುಟ್ಟುತ್ತಿತ್ತು. ನಾನು ಯೋಚಿಸಿದೆ. ಇಷ್ಟು ದಿನ ಈ ದನಿಗಳನ್ನು ಕೇಳಿಸಿಕೊಂಡು ಸುಮ್ಮನಿದ್ದ ಕಳ್ಳ ಇವತ್ತೇ ಯಾಕೆ ಅಳಿಸಿದ? ವಿಷಯ ಬಯಲಾಯಿತು ಎಂದು ಅವನಿಗೆ ಗೊತ್ತಾಗಿದೆ. ಗೊತ್ತಾಗಿದ್ದು ಹೇಗೆ? ನಾನು ಓಕ್‌ಬ್ರಿಜ್‌ಗೆ ಹೇಳಿಲ್ಲ. ಸ್ಮಿತಾಳಿಗೆ ಈಗಷ್ಟೇ ಹೇಳಿದೆ. ಅಲಮೇಲು ಆಂಟಿಗೆ ಒಂದು ಪ್ರಶ್ನೆ ಕೇಳಿದೆನೇ ಹೊರತು ಕಾರಣ ಹೇಳಿಲ್ಲ. ಮಲ್ಲಮ್ಮನವರಿಗೆ ಸ್ಟಾರ್ ಅಂದರೆ ಏನು ಅಂತಲೂ ಗೊತ್ತಿಲ್ಲ.

ಸ್ಟಾರ್ ಹಾಕಿದ ದನಿಗಳೇ ಸಾಕ್ಷಿ ಅಂತ ಬಾಯಿಬಿಟ್ಟು ನಾನು ಹೇಳಿದ್ದು ಒಬ್ಬರಿಗೇ. ನನ್ನ ಬ್ಯಾಗು ಎತ್ತಿಕೊಟ್ಟವರಿಗೆ.

“ಸ್ಮಿತಾ, ಈ ಕಂಪ್ಯೂಟರ್‌ಗೆ ವಾಟ್ಸ್ಯಾಪ್ ಯಾರು ಜೋಡಿಸಿಕೊಟ್ಟಿದ್ದು?”

“ಅಣ್ಣಾಸಾಹೇಬಣ್ಣ. ಡಿಸೆಂಬರ್‌ನಲ್ಲಿ ಬಂದಾಗ.” ಅವಳು ಗಂಡನ ಮುಖ ನೋಡಲಿಲ್ಲ. “ಇವರಿಗೆ ಗೊತ್ತಾಗ್ಬಾರ್ದು ಅಂತ ಅವರನ್ನ ಕೇಳಿದ್ದೆ. ಫೋನ್ ಅವರ ಕೈಯಲ್ಲೇ ಇತ್ತು ಆವಾಗ.”

“ಸುಳ್ಳು,” ಅಂದರು ಸಿದ್ಧಲಿಂಗೇಶ್. “ಅವನು ನನ್ನ ರೂಮ್‌ಮೇಟು. ಅವನ ಅತ್ತೆ ಕಾರ್ಡೂ ಹೋಗಿದೆ.”

“ಎಲ್ಲರದೂ ಹೋಗಿ ಅವರ ಅತ್ತೆ ಕಾರ್ಡೊಂದೇ ಉಳಿದಿದ್ರೆ ಅನುಮಾನದ ಮೇಲೆ ನಾನು ಮೊದಲನೇ ದಿನಾನೇ ಅವರ ಮನೆಗೆ ಹೋಗ್ತಿದ್ದೆ,” ಅಂದೆ.

ಟೇಬಲ್ಲಿನ ಮೇಲೆ ಅಂಗಡಿಯ ಫೋನು ನಡುಗಿತು. ಪರದೆಯ ಮೇಲೆ ಹೆಸರು ಮೂಡಿತು: ಅಣ್ಣಾಸಾಹೇಬಣ್ಣ, ಎಲಿಕಾಟ್ ಸಿಟಿ. ಸ್ಮಿತಾ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ.

“ಸ್ಪೀಕರ್ ಹಾಕು ಸ್ಮಿತಾ,” ಅಂದಿತು ಅದೇ ಮೃದು ದನಿ. “ಮೇಡಂ ಅಲ್ಲೇ ಇರ್ಬೇಕು. ಮೇಡಂ, ಆರಾಮಾಗಿ ಮುಟ್ಟಿದ್ರಾ?”

“ಮುಟ್ಟಿದೆ ಅಣ್ಣಾಸಾಹೇಬರೇ. ಸ್ವಲ್ಪ ತಡವಾಗಿ.”

“ತಡ ಏನಿಲ್ಲ. ಐದಕ್ಕಿನ್ನೂ ಟೈಮ್ ಅದ. ಕಾರಿನಾಗ ನೀವೇ ಹೇಳಿದ್ರಿ. ಅಂಗಡಿಯವರೇ ನಂಬರ್ ಇಟ್ಟಿದ್ರೆ ಅಂಗಡಿ ಹೋಗ್ತದೆ, ಕಳ್ಳ ವೆಬ್‌ಸೈಟ್‌ನಿಂದ ತಗೊಂಡಿದ್ರೆ ಉಳೀತದೆ. ಈಗ ಅಂಗಡಿಯಲ್ಲಿ ನಂಬರ್ ಇಲ್ಲ, ನೀವೆಲ್ಲ ಕಣ್ಣಾರೆ ನೋಡ್ರಿ ಅಂತಲೇ ಇಲ್ಲಿತನಕ ಕಾದಿದ್ದೆ. ಉಳಿದಿದ್ದು ವೆಬ್‌ಸೈಟು. ಅದನ್ನ ಬರೆದವನು ಪ್ರಶಾಂತ್. ಮಂದಿ ಎಲ್ಲ ಆಗ್ಲೇ ಅವನ ಹೆಸರೇ ಹೇಳ್ತಿದಾರೆ, ನೀವು ಹೊಸದಾಗಿ ಏನೂ ಹೇಳ್ಬೇಕಾಗಿಲ್ಲ.”

“ಅವನು ಏನೂ ಮಾಡಿಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು.”

“ಗೊತ್ತು.”

ಅಷ್ಟು ಸಲೀಸಾಗಿ ಒಪ್ಪಿಕೊಂಡಿದ್ದು ಕೇಳಿ ನಾನು ಫೋನಿನ ಹತ್ತಿರ ಬಾಗಿದೆ. “ಕಳಿಸಿದವರ ಫೋನ್‌ಗಳಲ್ಲಿ ಆ ವಾಯ್ಸ್ ಎಲ್ಲ ಇನ್ನೂ ಇವೆ. ಒಂದೊಂದು ಮನೆಗೂ ಹೋಗಿ ತರ್ತೀನಿ.”

“ತರ್ರಿ. ತಂದ್ರೆ ನಾನು ಸಿಗ್ತೀನಿ. ಅದರ ಜೊತೆ ಸ್ಮಿತಾನೂ ಸಿಗ್ತಾಳೆ. ನಂಬರ್ ಕನ್ನಡದಾಗ ಹೇಳ್ರಿ ಅಂತ ಕೇಳಿದಾಕಿ ಆಕಿ, ನಾನಲ್ಲ.” ಒಂದು ಕ್ಷಣ ಬಿಟ್ಟು ಅಂದರು, “ಲಿಂಗೇಶ, ಅಲ್ಲಿದೀಯೇನೋ? ನಿನ್ನ ಹೆಂಡತಿ ಅಂಗಡಿ ಉಳಿಸಾಕ ಹೇಳಾಕತ್ತೀನಿ. ಸಿಟ್ಟಾಗಬ್ಯಾಡ.”

ಫೋನು ಕಟ್ಟಾಯಿತು.

ಸಿದ್ಧಲಿಂಗೇಶ್ ಗೋಡೆಯ ಕಡೆ ತಿರುಗಿ ನಿಂತರು. ಆಮೇಲೆ ತಮ್ಮ ಜೇಬಿನಿಂದ ಫೋನ್ ತೆಗೆದರು. “ಪ್ರಶಾಂತ್‌ಗೆ ಕಾಲ್ ಮಾಡ್ತೀನಿ. ಪಾಪ, ವೀಕೆಂಡ್ ಎಲ್ಲ ಹಾಳು ಮಾಡ್ಕೊಂಡು ಈ ಸೈಟ್ ಬರೆದುಕೊಟ್ಟ. ದುಡ್ಡು ಕೊಟ್ರೆ ತಗೊಳ್ಳಲಿಲ್ಲ, ಸ್ಮಿತಕ್ಕನ ಕೆಲಸಕ್ಕೆ ದುಡ್ಡು ಯಾಕೆ ಅಂದ. ಇವತ್ತು ಅವನಿಗೆ ನಿಜ ಹೇಳ್ಲೇಬೇಕು.”

“ಮಾಡಿ,” ಅಂದೆ. ಲ್ಯಾಪ್‌ಟಾಪ್ ತೆರೆದು ರೊಟ್ಟಿಯ ಕಟ್ಟುಗಳನ್ನು ಪಕ್ಕಕ್ಕೆ ಸರಿಸಿ ವರದಿಯನ್ನು ಮುಂದಿಟ್ಟುಕೊಂಡೆ. ಎಲ್ಲ ಪುಟ ತುಂಬಿತ್ತು. ‘ನಂಬರ್‌ಗಳು ಸೋರಿದ್ದು ಎಲ್ಲಿಂದ, ಯಾರಿಂದ’ ಎಂಬ ಜಾಗವೊಂದು ಖಾಲಿ ಇತ್ತು.

ಸ್ಮಿತಾ ಕಣ್ಣೊರೆಸಿಕೊಂಡಳು. ಗಂಡನ ಕೈಯಿಂದ ಫೋನು ತೆಗೆದುಕೊಂಡು ತನ್ನ ಏಪ್ರನ್ನಿನ ಜೇಬಿಗೆ ಹಾಕಿದಳು. ಆಮೇಲೆ ನನ್ನ ಪಕ್ಕ ಬಂದು ಕೂತು, ಲ್ಯಾಪ್‌ಟಾಪನ್ನು ನಿಧಾನವಾಗಿ ತನ್ನ ಕಡೆ ತಿರುಗಿಸಿಕೊಂಡಳು.

“ಪ್ರಶಾಂತನ ಹೆಸರು ನೀವು ಬರೀತೀರಾ ಸಾಲೆಹಾ,” ಅಂದಳು, “ಇಲ್ಲ ನಾನೇ ಟೈಪ್ ಮಾಡ್ಲಾ?”